ಉಪ್ಪುನೀರಿನಲ್ಲಿ ತೇಲಿದ ಮೊಟ್ಟೆ

ಅಜ್ಜಿ ಯಾರ ಮೇಲೂ ಕೈ ಎತ್ತಿದವಳಲ್ಲ. ಎತ್ತುವ ಪ್ರಸಂಗವೇ ಬಾರದ ಹಾಗೆ ಮನೆಯನ್ನು ಇಟ್ಟುಕೊಂಡಿದ್ದಳು. ಮೇಗುಂದದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಗಂಡಸರು ಶಿಕಾರಿ, ಬೇಲಿ ತಕರಾರು, ಯುದ್ಧದ ಸುದ್ದಿ ಎಂದು ಎಷ್ಟೇ ಗಲಾಟೆ ಮಾಡಲಿ, ನಡುಮನೆಯ ಹೊಸಿಲು ದಾಟಿದ ಕೂಡಲೇ ಅವರ ದನಿ ತಾನಾಗಿ ಇಳಿಯುತ್ತಿತ್ತು. ಅಡುಗೆಮನೆಗೆ ಬಂದರಂತೂ ಅಪ್ಪಯ್ಯನೂ ನೀರು ಬೇಕು ಎಂಬುದನ್ನು ಕೈಸನ್ನೆಯಲ್ಲೇ ಹೇಳುತ್ತಿದ್ದರು. ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಅದನ್ನು ಕತ್ತಲೆ ಕೋಣೆ ಎನ್ನುತ್ತಿದ್ದೆವು. ಅಲ್ಲಿಯ ಸಗಣಿ ನೆಲ ನಡುಬೇಸಿಗೆಯಲ್ಲೂ ಕಾಲಿಗೆ ತಣ್ಣಗೆ ತಾಗುತ್ತಿತ್ತು. ಗೋಡೆಗೆ ಸಾಲಾಗಿ ನಾಲ್ಕು ಭರಣಿಗಳು. ಮಾವಿನ ಮಿಡಿಯದು ಒಂದು, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆಯದು ಒಂದು, ಉಪ್ಪಾಗೆ ಹಣ್ಣಿನ ಸಿಪ್ಪೆ ಕುದಿಸಿ ಬತ್ತಿಸಿದ ಕಪ್ಪು ಹುಳಿಯದು ಒಂದು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ವರ್ಷದ ಬಹುಪಾಲು ಖಾಲಿಯಾಗಿ ಬೋರಲು ಬಿದ್ದಿರುತ್ತಿತ್ತು. ಅದು ಹಂದಿ ಭರಣಿ. ಅದರ ಮೇಲೆ ಕೂರಬಾರದು, ಒರಗಬಾರದು, ಅದರ ಹತ್ತಿರ ಸೀನಬಾರದು. ಮುಟ್ಟಾದ ಹೆಂಗಸರ ನೆರಳು ಅದರ ಮೇಲೆ ಬೀಳಬಾರದು. ಬಿದ್ದರೆ ಒಳಗಿದ್ದದ್ದು ಕೊಳೆಯುತ್ತದೆ, ಕೊಳೆತರೆ ಮನೆಗೆ ಕೇಡು. ಇದನ್ನು ಅಜ್ಜಿ ದೇವರ ಮಾತಿನ ಹಾಗೆ ಹೇಳುತ್ತಿರಲಿಲ್ಲ, ಒಲೆ ಮುಟ್ಟಿದರೆ ಸುಡುತ್ತದೆ ಎನ್ನುವ ಹಾಗೆ ಹೇಳುತ್ತಿದ್ದಳು. ಅದಕ್ಕೇ ನಮಗೆ ಅನುಮಾನ ಬರಲಿಲ್ಲ.

ನಮ್ಮ ಕಡೆಯ ಒಕ್ಕಲಿಗರ ಮನೆಗಳಲ್ಲಿ ಕಾಡುಹಂದಿ ಹೊಸದಲ್ಲ. ಆದರೆ ಬಲಿತ ಹಂದಿಯ ಮಾಂಸ ಎಷ್ಟು ಬೇಯಿಸಿದರೂ ಹಗ್ಗ ಜಗಿದ ಹಾಗಿರುತ್ತದೆ, ಮೇಲೆ ಒಂದು ಸೊಕ್ಕಿನ ವಾಸನೆ. ಅಜ್ಜಿಯ ಕೈಯಲ್ಲಿ ಅದೇ ಮಾಂಸ ಹಲ್ಲಿಲ್ಲದ ಮುದುಕರೂ ತಿನ್ನುವ ಹಾಗಾಗುತ್ತಿತ್ತು. ಎರಡು ದಿನ ಉಪ್ಪುನೀರಿನಲ್ಲಿ, ಒಂದು ದಿನ ಹುಳಿ ಖಾರದಲ್ಲಿ, ಆಮೇಲೆ ಅದರದೇ ಕೊಬ್ಬಿನಲ್ಲಿ ಸಣ್ಣ ಬೆಂಕಿಯ ಮೇಲೆ ಅರ್ಧ ಹಗಲು. ಕಡುಬಿನ ಜೊತೆ ಎಲೆಗೆ ಬಿದ್ದರೆ ಬಂದವರು ಮಾತು ನಿಲ್ಲಿಸುತ್ತಿದ್ದರು. ಕೊಪ್ಪದಿಂದ ನರಸಿಂಹರಾಜಪುರದವರೆಗೆ ನೆಂಟರಿದ್ದ ಕಡೆಯೆಲ್ಲ ಅಜ್ಜಿಗೆ ಹೆಸರಿತ್ತು. ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಿದ್ದರೆ ಹಂದಿ ಭರಣಿ ಮಗುಚಿ ನಿಲ್ಲುತ್ತಿತ್ತು. ಆ ಸಲ ನಿಂತದ್ದೂ ಅದಕ್ಕೇ. ಅಪ್ಪಯ್ಯನ ತಂಗಿ, ನಮ್ಮ ಸಣ್ಣತ್ತೆಯನ್ನು ನೋಡಲು ಶೆಟ್ಟಿಕೊಪ್ಪದಿಂದ ಗಂಡಿನ ಕಡೆಯವರು ಬರುವವರಿದ್ದರು.

ನನಗೆ ಆಗ ಹನ್ನೊಂದು ವರ್ಷ. ಇನ್ನೂ ದೊಡ್ಡವಳಾಗಿರಲಿಲ್ಲ. ಹಾಗಾಗಿ ಕತ್ತಲೆ ಕೋಣೆಗೆ ಯಾವ ದಿನವಾದರೂ ಹೋಗಬಹುದಾದ ಹೆಣ್ಣು ಎಂದರೆ, ಅಜ್ಜಿಯನ್ನು ಬಿಟ್ಟರೆ ನಾನೊಬ್ಬಳೇ. ಅದು ನನಗೆ ದೊಡ್ಡ ಜಂಬ. ಅಮ್ಮನಿಗಿಲ್ಲದ ಅಧಿಕಾರ, ಸಣ್ಣತ್ತೆಗಿಲ್ಲದ ಅಧಿಕಾರ. ಚಿಕ್ಕಮ್ಮ ನನ್ನನ್ನು ಅದಕ್ಕೇ ಕೆಣಕುತ್ತಿದ್ದಳು.

"ಓಹೋ, ಭರಣಿ ಪಟೇಲರು ಬಂದ್ರು. ಎದ್ದು ನಿಂತ್ಕಳಿ ಎಲ್ರೂ."

ಚಿಕ್ಕಮ್ಮ ಎಂದರೆ ಅಪ್ಪಯ್ಯನ ತಮ್ಮನ ಹೆಂಡತಿ, ಜಾನಕಿ. ಸಿರಿಮನೆಯ ಹುಡುಗಿ. ನಮ್ಮ ಮನೆಗೆ ಬಂದು ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆ ಆರು ವರ್ಷವೂ ನಾನು ಅವಳ ಮಗ್ಗುಲಲ್ಲೇ ಮಲಗಿದ್ದೆ. ತಲೆ ಬಾಚುವುದು, ಹೇನು ತೆಗೆಯುವುದು, ಜ್ವರ ಬಂದರೆ ಗಂಜಿ ಕುಡಿಸುವುದು ಎಲ್ಲ ಅವಳೇ. ಅಮ್ಮನಿಗೆ ನನ್ನ ತಮ್ಮಂದಿರೇ ಸಾಕಾಗಿದ್ದರು. ಮನೆಯ ಕೋಳಿಗಳು ಚಿಕ್ಕಮ್ಮನ ಪಾಲಿನ ಕೆಲಸ. ಯಾವ ಹೇಂಟೆ ಎಲ್ಲಿ ಮೊಟ್ಟೆ ಇಡುತ್ತದೆ, ಯಾವುದು ಕದ್ದು ಬೇಲಿಯಲ್ಲಿ ಇಡುತ್ತದೆ ಎಂದು ಅವಳಿಗೆ ಮಾತ್ರ ಗೊತ್ತು. ಆಗ ಒಂದು ಕಪ್ಪು ಹೇಂಟೆಯನ್ನು ಹದಿಮೂರು ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿದ್ದಳು. ಬಚ್ಚಲ ಹಿಂದೆ, ಹಳೆಯ ಬುಟ್ಟಿಯಲ್ಲಿ, ಹುಲ್ಲಿನ ಮೇಲೆ. ಇನ್ನು ಮೂರು ನಾಲ್ಕು ದಿನಕ್ಕೆ ಮರಿಯಾಗುತ್ತವೆ ಎಂದು ನನಗೆ ದಿನವೂ ಲೆಕ್ಕ ಒಪ್ಪಿಸುತ್ತಿದ್ದಳು.

ಹಂದಿಯನ್ನು ಮೂರು ಊರಿನವರು ಸೇರಿ, ಕಾಡು ಸುತ್ತುಗಟ್ಟಿ ಕೂಗಿ, ಸೋವು ಹಾಕಿ ಎಬ್ಬಿಸಿದ್ದರು. ಹೊಡೆದದ್ದು ಚಿಕ್ಕಪ್ಪ. ಅಪ್ಪಯ್ಯನಿಗೆ ಬರೆಯುವಾಗ ಮರ್ಯಾದೆ ಕೊಡುತ್ತೇನೆ, ಚಿಕ್ಕಪ್ಪನಿಗೆ ಇಲ್ಲಿ ಕೊಡಲು ನನ್ನ ಕೈ ಬರುವುದಿಲ್ಲ; ಓದುವವರು ಮನ್ನಿಸಬೇಕು. ಗುಂಡು ಹೊಡೆದವನ ಪಾಲು, ನಾಯಿಗಳ ಪಾಲು, ಸೋವಿನವರ ಪಾಲು ಎಲ್ಲ ಹಂಚಿ ನಮ್ಮ ಮನೆಗೆ ತಲೆ ಮತ್ತು ಒಂದು ಪೂರ್ತಿ ತೊಡೆ, ಪಕ್ಕೆ ಬಂತು. ಅಂಗಳದಲ್ಲಿ ಹುಲ್ಲು ಉರಿಸಿ ಚರ್ಮದ ಮುಳ್ಳುಕೂದಲು ಸುಟ್ಟು, ಕತ್ತಿಯಿಂದ ಹೆರೆದರು. ಸುಟ್ಟ ಕೂದಲ ಹೊಗೆ ಒಳಗೆ ನುಗ್ಗಿದಾಗ ಚಿಕ್ಕಮ್ಮ ಸೆರಗು ಮೂಗಿಗೆ ಹಿಡಿದು ಹಿತ್ತಲಿಗೆ ಓಡಿದಳು. ಅಮ್ಮ ಅವಳ ಹಿಂದೆಯೇ ಹೋದಳು. ವಾಪಸು ಬಂದಾಗ ಇಬ್ಬರ ಮುಖದಲ್ಲೂ ಏನೋ ಒಂದು ನಗು, ತುಟಿ ಮುಚ್ಚಿಕೊಂಡು ನಕ್ಕ ನಗು. ನನಗೆ ಅರ್ಥವಾಗಲಿಲ್ಲ. ಅಜ್ಜಿ ಆ ಕಡೆ ತಿರುಗಿರಲಿಲ್ಲ. ಅವಳ ಕಣ್ಣು ಉಪ್ಪಿನ ಮೇಲಿತ್ತು.

ಉಪ್ಪಿಗೆ ಆ ವರ್ಷ ಬಹಳ ತತ್ವಾರ. ಯುದ್ಧ ಎಲ್ಲಿ ನಡೆಯುತ್ತಿದೆ ಎಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ಸೀಮೆಎಣ್ಣೆ ಇಲ್ಲ, ಘಟ್ಟದ ಕೆಳಗಿನಿಂದ ಉಪ್ಪಿನ ಗಾಡಿ ಬರುತ್ತಿಲ್ಲ. ಕತ್ತಲೆ ಕೋಣೆಯ ಮರದ ಮರಿಗೆಯಲ್ಲಿ ಉಪ್ಪು ತಳ ಕಂಡಿತ್ತು. ಅದರಲ್ಲೇ ಮಳೆಗಾಲದವರೆಗೆ ಮನೆಯವರ ಊಟ, ದನಗಳ ಅಕ್ಕಚ್ಚು, ಮಿಡಿ, ಸೊಳೆ ಎಲ್ಲ ಆಗಬೇಕು. ಅಜ್ಜಿ ಮರಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕುದಿಸಿ ಆರಿಸಿದ ನೀರನ್ನು ತಪ್ಪಲೆಯಲ್ಲಿ ತರಿಸಿದಳು. ಹಸಿ ನೀರು ಮಾಂಸಕ್ಕೆ ತಾಗಬಾರದು ಎಂಬುದು ಅವಳ ಕಟ್ಟಳೆ. ನೀರಿಗೆ ಅರಿಶಿನ ಕದಡಿದಳು, ಜಜ್ಜಿದ ಕಾಳುಮೆಣಸು ಹಾಕಿದಳು. ಉಪ್ಪು ಮಾತ್ರ ಕೊನೆಗೆ, ಬೊಗಸೆ ಬೊಗಸೆಯಾಗಿ, ಮೊಟ್ಟೆ ತೇಲುವವರೆಗೆ. ಆ ದಿನ ಇಟ್ಟ ಮೊಟ್ಟೆಯನ್ನು ನೀರಿಗೆ ಬಿಡಬೇಕು. ಉಪ್ಪು ಸಾಲದಿದ್ದರೆ ಮುಳುಗುತ್ತದೆ. ಹದವಾದರೆ ಮೇಲೆ ಬಂದು ರೂಪಾಯಿಯಗಲ ತಲೆ ತೋರಿಸುತ್ತದೆ. ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ, ನೋಡಿದರೆ ಭರಣಿ ಎಂಜಲಾಯಿತು. ಮಾಂಸದ ಮೊದಲ ತುಂಡು ಚೌಡಿ ದೇವಿಯ ಬನಕ್ಕೆ ಹೋಗಬೇಕಾದದ್ದು. ಎಲ್ಲವನ್ನೂ ಮೊಟ್ಟೆಯೇ ಹೇಳಬೇಕು.

"ಹೋಗೆ ನಾಗು, ಇವತ್ತು ಇಟ್ಟ ಮೊಟ್ಟೆ ತಗಂಡು ಬಾ. ಕೈಗೆ ಬೆಚ್ಚಗಿರ್ಬೇಕು. ತಣ್ಣಗಿದ್ರೆ ತರಬ್ಯಾಡ."

ಹೋದೆ. ಕೊಟ್ಟಿಗೆಯ ಮೂಲೆಯಲ್ಲಿ ಕೆಂಪು ಹೇಂಟೆ ಆಗತಾನೇ ಇಟ್ಟು ಕೂಗುತ್ತಿತ್ತು. ಮೊಟ್ಟೆ ಕೈಗೆ ಬಿಸಿಯಾಗಿಯೇ ಸಿಕ್ಕಿತು. ಸುಮ್ಮನೆ ತಂದಿದ್ದರೆ ಈ ಅಧ್ಯಾಯ ಬರೆಯುವ ಅಗತ್ಯವಿರಲಿಲ್ಲ. ಬಚ್ಚಲ ಮುಂದಿನ ಕಲ್ಲುಗಳ ಮೇಲೆ ಒಂಟಿಕಾಲಲ್ಲಿ ಹಾರಿಕೊಂಡು ಬರುವುದು ನನ್ನ ಚಟ. ಮೂರನೆಯ ಕಲ್ಲಿಗೆ ಕಾಲು ಜಾರಿತು. ಮೊಟ್ಟೆ ಕಲ್ಲಿನ ಮೇಲೆ ಒಡೆದು ಹರಿಯಿತು. ನಾಯಿ ಬಂದು ನೆಕ್ಕತೊಡಗಿತು. ನನಗಾದದ್ದು ಹೊಡೆತದ ಹೆದರಿಕೆಯಲ್ಲ. ಕತ್ತಲೆ ಕೋಣೆಯ ಅಧಿಕಾರ ಹೋಗುತ್ತದೆ ಎಂಬ ಹೆದರಿಕೆ. ಎರಡು ಮಾರು ದೂರದಲ್ಲಿ ಕಪ್ಪು ಹೇಂಟೆ ಬುಟ್ಟಿಯಲ್ಲಿ ಕೂತಿತ್ತು. ಕೈ ಹಾಕಿದೆ. ಅದು ಕುಕ್ಕಿದ ಗುರುತು ಎಷ್ಟೋ ದಿನ ಹೆಬ್ಬೆರಳಿನ ಮೇಲಿತ್ತು. ಎಳೆದುಕೊಂಡ ಮೊಟ್ಟೆ ಕೆಂಪು ಹೇಂಟೆಯದಕ್ಕಿಂತಲೂ ಬೆಚ್ಚಗಿತ್ತು. ಬೆಚ್ಚಗಿರಬೇಕು ಎಂದಷ್ಟೇ ಅಲ್ಲವೇ ಅಜ್ಜಿ ಹೇಳಿದ್ದು?

ಅಜ್ಜಿ ಅದನ್ನು ಕೆನ್ನೆಗೆ ಒತ್ತಿ ನೋಡಿ ತಲೆಯಾಡಿಸಿದಳು. ಎಣ್ಣೆದೀಪದ ಬೆಳಕಿನಲ್ಲಿ ಅವಳ ಮಂಜುಗಣ್ಣಿಗೆ ಹೆಚ್ಚೇನೂ ಕಾಣುತ್ತಿರಲಿಲ್ಲ. ನೀರಿಗೆ ಎರಡು ಬೊಗಸೆ ಉಪ್ಪು ಬಿದ್ದಿತ್ತು ಅಷ್ಟೆ. ಪ್ರತಿ ಸಲ ಏಳೆಂಟು ಬೀಳಬೇಕಿತ್ತು. ಮೊಟ್ಟೆಯನ್ನು ಬಿಟ್ಟಳು. ಅದು ಮುಳುಗಲೇ ಇಲ್ಲ. ತೇಲಿ, ದಪ್ಪ ತುದಿ ಮೇಲೆ ಮಾಡಿ ನಿಂತಿತು. ಬಹಳ ದಿನ ಕಾವು ಪಡೆದ ಮೊಟ್ಟೆ ಉಪ್ಪಿಲ್ಲದ ನೀರಿನಲ್ಲೂ ತೇಲುತ್ತದೆ.

"ಅಯ್ಯೋ ಶಿವನೆ, ಇಷ್ಟಕ್ಕೇ ತೇಲ್ತಲ್ಲೇ! ಈ ಸಲದ ಉಪ್ಪು ಭಾರಿ ಗಟ್ಟಿ ಅದೆ."

ಅಜ್ಜಿ ನಕ್ಕಿದ್ದನ್ನು ನಾನು ನೋಡಿದ್ದು ಅಪರೂಪ. ಅವತ್ತು ನಕ್ಕಳು. ತೆಗೆದಿಟ್ಟುಕೊಂಡಿದ್ದ ಉಪ್ಪನ್ನು ಮರಿಗೆಗೆ ವಾಪಸು ಸುರಿದಳು. ನಾನು ಮೊಟ್ಟೆಯನ್ನೇ ನೋಡುತ್ತಿದ್ದೆ. ನೀರು ನಿಂತಿತ್ತು, ಯಾರ ಕೈಯೂ ತಪ್ಪಲೆಗೆ ತಾಗಿರಲಿಲ್ಲ. ಆದರೂ ಮೊಟ್ಟೆ ಒಂದು ಸಲ ಅಲುಗಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಒಳಗಿನಿಂದ ಯಾರೋ ಮೊಣಕೈ ತಿವಿದ ಹಾಗೆ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಅದನ್ನೆತ್ತಿ ನನ್ನ ಕೈಗಿಟ್ಟು, ಮೊಟ್ಟೆ ಬುಟ್ಟಿಗೆ ಹಾಕು ಎಂದಳು. ಹಾಕಲಿಲ್ಲ. ಬಚ್ಚಲ ಹಿಂದೆ ಓಡಿ ಕಪ್ಪು ಹೇಂಟೆಯ ಹೊಟ್ಟೆಯಡಿ ತಳ್ಳಿದೆ. ಹದಿಮೂರು ಇದ್ದದ್ದು ಹದಿಮೂರೇ ಆಯಿತು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಅರಿಶಿನದ ನೀರಿನಲ್ಲಿ ಮಿಂದ ಮೊಟ್ಟೆಗೆ ಬಣ್ಣ ಹತ್ತಿರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮಾಂಸ ಭರಣಿಗೆ ಇಳಿಯಿತು. ಮೇಲೆ ಮರದ ಹಲಗೆ, ಹಲಗೆಯ ಮೇಲೆ ಹೊಳೆಯ ಗುಂಡುಕಲ್ಲು, ಬಾಯಿಗೆ ಬಟ್ಟೆ. ಎರಡು ದಿನ ಅದನ್ನು ಯಾರೂ ತೆರೆಯಬಾರದು, ಅಜ್ಜಿ ಕೂಡ. ಮೊದಲ ದಿನ ಮನೆಯಲ್ಲಿ ಸಂಭ್ರಮ. ಸಣ್ಣತ್ತೆಗೆ ಎಣ್ಣೆ ಹಚ್ಚಿ ನೀರು ಹಾಕಿದರು, ಜಗಲಿಗೆ ಕೆಮ್ಮಣ್ಣು ಬಳಿದರು. ಚಿಕ್ಕಮ್ಮ ಜಗಲಿಯ ಗೋಡೆಗೆ ಕೆಮ್ಮಣ್ಣು ಬಳಿಯುತ್ತ ನನ್ನನ್ನು ಕರೆದು ಕಿವಿಯಲ್ಲಿ ಹೇಳಿದಳು.

"ಇನ್ನು ನೀನು ನನ್ನ ಮಗ್ಗುಲಲ್ಲಿ ಹೆಚ್ಚು ದಿನ ಮಲಗಂಗಿಲ್ಲ ಕಣೆ. ಜಾಗ ಸಾಲದಿಲ್ಲ."

"ಎಂತಕ್ಕೆ?"

"ಎಂತಕ್ಕೋ. ನೆಂಟ್ರು ಹೋದ್ಮೇಲೆ ಹೇಳ್ತೀನಿ."

ಎರಡನೆಯ ದಿನ ಬಿಸಿಲು ಜೋರಾಯಿತು. ಮಧ್ಯಾಹ್ನ ಎಲ್ಲರೂ ಊಟ ಮಾಡುತ್ತಿದ್ದಾಗ ಕತ್ತಲೆ ಕೋಣೆಯಿಂದ ಟಕ್ ಎಂದು ಸದ್ದಾಯಿತು. ಮರಕ್ಕೆ ಕಲ್ಲು ತಾಗಿದ ಸದ್ದು. ಇಲಿ ಇರಬೇಕು ಎಂದಳು ಅಮ್ಮ. ನಾನು ತುತ್ತು ಕೈಯಲ್ಲೇ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಅಜ್ಜಿ ಉಣ್ಣುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಆ ಸದ್ದನ್ನು ನಾನು ಈಗಲೂ ಕೆಲವು ಸಲ ಕೇಳುತ್ತೇನೆ, ಹಗಲಲ್ಲೇ, ಮನೆ ತುಂಬ ಜನ ಇರುವಾಗಲೇ. ಅವತ್ತು ಸಂಜೆಯ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ನೊಣ ಮುತ್ತಿದವು. ಸಣ್ಣವಲ್ಲ, ಹಸಿರು ಬೆನ್ನಿನವು. ಕದದ ಸಂದಿಯಲ್ಲಿ ಸಾಲಾಗಿ ಕೂತು ರೆಕ್ಕೆ ಉಜ್ಜಿಕೊಳ್ಳುತ್ತಿದ್ದವು. ಅಮ್ಮ ಸೆರಗಿನಿಂದ ಓಡಿಸಿದಳು, ಅವು ಒಂದು ಸುತ್ತು ಹಾರಿ ಅಲ್ಲೇ ಬಂದು ಕೂತವು.

ಮೂರನೆಯ ದಿನ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ, ಹುಳಿ ಖಾರ ಅರೆಸಿಟ್ಟುಕೊಂಡು, ನನ್ನ ಕೈಗೆ ದೀಪ ಕೊಟ್ಟು ಒಳಗೆ ಹೋದಳು. ಬಟ್ಟೆ ಬಿಚ್ಚುವ ಮೊದಲೇ ವಾಸನೆ ಬಂತು. ಬಿಚ್ಚಿದಾಗ ಹಲಗೆಯ ಸುತ್ತ ಬೂದು ನೊರೆ ಉಕ್ಕಿ ನಿಂತಿತ್ತು. ಕಲ್ಲು ಒಂದು ಕಡೆ ವಾಲಿತ್ತು. ಅಜ್ಜಿ ಕೈಯನ್ನು ಮೊಣಕೈವರೆಗೆ ಇಳಿಸಿ ಒಂದು ತುಂಡನ್ನು ತೆಗೆದಳು. ಬೆರಳು ಒತ್ತಿದಲ್ಲಿ ಅದು ಲೋಳೆಯಾಗಿ ಜಾರಿತು. ಅವಳು ಕೂಗಲಿಲ್ಲ. ತುಂಡನ್ನು ನಿಧಾನವಾಗಿ ಒಳಗೇ ಬಿಟ್ಟು, ಬಟ್ಟೆ ಮುಚ್ಚಿ, ಅಲ್ಲೇ ನೆಲಕ್ಕೆ ಕೂತಳು. ಮದುವೆಯಾಗಿ ಬಂದಂದಿನಿಂದ ಅವಳ ಕೈಯಲ್ಲಿ ಭರಣಿ ಕೆಟ್ಟಿರಲಿಲ್ಲ. ಹೆಣ್ಣು ನೋಡುವವರು ಬರುವ ಹಿಂದಿನ ದಿನ ಕೆಟ್ಟಿತು. ಹೊರಗೆ ಗೊತ್ತಾದರೆ ಸಣ್ಣತ್ತೆಯ ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು.

"ಹೆಂಗಸ್ರನ್ನೆಲ್ಲ ಕರಿ," ಎಂದಳು.

ಮೂವರೂ ಬಂದು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತರು. ಅಪ್ಪಯ್ಯ, ಚಿಕ್ಕಪ್ಪ ನಡುಮನೆಯಲ್ಲಿ. ನಾನು ದೀಪ ಹಿಡಿದು ಅಜ್ಜಿಯ ಪಕ್ಕದಲ್ಲಿ. ಅಜ್ಜಿ ಒಬ್ಬೊಬ್ಬರನ್ನೇ ಕೇಳಿದಳು, ಹೊರಗೆ ಕೂತದ್ದು ಯಾವತ್ತು, ನೀರು ಹಾಕಿಕೊಂಡದ್ದು ಯಾವತ್ತು. ಅಮ್ಮ ಹೇಳಿದಳು. ಸಣ್ಣತ್ತೆ ಅಳುತ್ತ ಹೇಳಿದಳು. ಅಜ್ಜಿಗೆ ಎರಡೂ ನೆನಪಿತ್ತು, ತಾಳೆಯಾಯಿತು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದಳು.

"ನೀನು ಹೊರಗೆ ಕೂತಿದ್ದು ನಂಗೆ ನೆನಪೇ ಆಗ್ತಿಲ್ವಲ್ಲೆ ಜಾನಕಿ."

"ಕೂತಿಲ್ಲ ಅತ್ತೆ."

"ಎಷ್ಟು ದಿನ ಆಯ್ತು?"

"ಎರಡು ತಿಂಗ್ಳಾತು. ನಿಂತದೆ ಅತ್ತೆ. ನೆಂಟ್ರು ಹೋದ್ಮೇಲೆ ಹೇಳನ ಅಂತಿದ್ದೆ."

ಅಜ್ಜಿ ಅವಳ ಹೊಟ್ಟೆಯನ್ನೊಮ್ಮೆ ನೋಡಿದಳು.

"ಮೂರು ವರ್ಷದ ಹಿಂದೂ ಇದೇ ಹೇಳಿದ್ದೆ. ಊರಿಗೆಲ್ಲ ಹೇಳಿ ನಗೆಗೇಡಾತು. ಆಮೇಲೆ ಎಂತ ಆತು?"

"ಅದು ಅವಾಗ. ಈಗ ನಿಜ."

"ಅಕ್ಕಿ ತೊಳ್ಯಕೆ, ಬಡ್ಸಕೆ ಜನ ಬೇಕು, ಹೊರಗೆ ಕೂತ್ರೆ ಕೆಲ್ಸ ನಿಲ್ತದೆ ಅಂತ ಮುಚ್ಚಿಟ್ಟಿದ್ದೀಯ. ನಿಜ ಹೇಳು. ಸಿಟ್ಟು ಮಾಡದಿಲ್ಲ."

ಅಮ್ಮ ಸಣ್ಣ ದನಿಯಲ್ಲಿ ಏನೋ ಹೇಳಲು ಹೋದಳು. "ಇರ್ಬೋದು ಅತ್ತೆ, ಮೊನ್ನೆ ವಾಂತಿ..." ಅಜ್ಜಿ ಕೈ ಎತ್ತಿದಳು, ಅಮ್ಮ ನಿಲ್ಲಿಸಿದಳು. ಅಮ್ಮನ ಮೇಲೂ ನನಗೆ ಸಿಟ್ಟಿದೆ. ಆದರೆ ಅವಳಿಗೆ ಗೊತ್ತಿದ್ದದ್ದು ಅರ್ಧ. ಪೂರ್ತಿ ಗೊತ್ತಿದ್ದವಳು ದೀಪ ಹಿಡಿದು ನಿಂತಿದ್ದೆ.

ಅಜ್ಜಿ ಭರಣಿಯ ಮೇಲೆ ಕೈಯಿಟ್ಟು ಆಣೆ ಮಾಡು ಎಂದಳು. ಚಿಕ್ಕಮ್ಮ ಹೊಸಿಲು ದಾಟಿ ಒಳಗೆ ಬಂದಳು. ಆರು ವರ್ಷದಲ್ಲಿ ಅವಳು ಹಂದಿ ಭರಣಿಯನ್ನು ಮುಟ್ಟಿದ್ದು ಅದೇ ಮೊದಲು. ಬಟ್ಟೆಯ ಮೇಲೆ ಅಂಗೈ ಇಟ್ಟಳು. ಆದರೆ ಅವಳು ಭರಣಿಯನ್ನು ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ದೀಪ ನನ್ನ ಕೈಯಲ್ಲಿದ್ದದ್ದರಿಂದ ಬೆಳಕಿಗೆ ತಿರುಗಿದಳು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

"ನಾನು ಹೊರಗಾಗಿಲ್ಲ. ನನ್ನಿಂದ ಭರಣಿ ಕೆಟ್ಟಿಲ್ಲ," ಎಂದಳು.

ಆ ಕ್ಷಣದಲ್ಲಿ ಬಟ್ಟೆಯಡಿಯಲ್ಲಿ ಹಲಗೆ ಟಕ್ ಎಂದಿತು. ಒಳಗೆ ಉಬ್ಬಿದ ಗಾಳಿ ಹಲಗೆಯನ್ನು ಎತ್ತಿ ಬಿಟ್ಟಿತ್ತು, ಅಷ್ಟೇ. ಹಿಂದಿನ ದಿನದಿಂದ ಅದು ಮಾಡುತ್ತಿದ್ದದ್ದೇ ಅದು. ಆದರೆ ಸಣ್ಣತ್ತೆ ಚೀರಿದಳು. ಅಜ್ಜಿಯ ಮುಖ ಬಾಡಿದ ಸೊಪ್ಪಿನ ಹಾಗಾಯಿತು. ನಡುಮನೆಯಿಂದ ಅಪ್ಪಯ್ಯ ಒಂದು ಹೆಜ್ಜೆ ಮುಂದೆ ಬಂದು ನಿಂತರು. ಚಿಕ್ಕಮ್ಮ ಮಾತ್ರ ಕೈ ತೆಗೆಯದೆ ಹಾಗೇ ನಿಂತಿದ್ದಳು.

ತೀರ್ಮಾನ ಹೇಳಿದ್ದು ಅಪ್ಪಯ್ಯ. ನಾಳೆ ನೆಂಟರು ಬರುತ್ತಾರೆ, ಅವರು ಬಂದು ಹೋಗುವವರೆಗೆ ಜಾನಕಿ ತವರಿನಲ್ಲಿರಲಿ, ಆಮೇಲೆ ನೋಡೋಣ ಎಂದರು. ಅವರ ದನಿ ಒರಟಾಗಿರಲಿಲ್ಲ. ನಮ್ಮ ಮನೆಯಲ್ಲಿ ಕೆಟ್ಟ ಮಾತುಗಳೆಲ್ಲ ಮೆತ್ತಗೇ ಬರುತ್ತಿದ್ದವು. ಚಿಕ್ಕಪ್ಪ ಅಂಗಳಕ್ಕೆ ಹೋಗಿ ನಾಯಿಯ ಕೊರಳಿನ ಹಗ್ಗ ಬಿಚ್ಚುತ್ತ ಕೂತ, ಬಿಚ್ಚಿದ್ದನ್ನೇ ಮತ್ತೆ ಕಟ್ಟುತ್ತ.

ಗಾಡಿ ಶೃಂಗೇರಿಯವರೆಗೆ. ಅಲ್ಲಿಂದ ಕಿಗ್ಗ, ಸಿರಿಮನೆ ಕಾಲ್ನಡಿಗೆ. ಗಾಡಿಯ ತಿಮ್ಮ ಎತ್ತು ಹೂಡಿದ. ಚಿಕ್ಕಮ್ಮ ಒಂದು ಬಟ್ಟೆಗಂಟು ಹಿಡಿದು ಹಿತ್ತಲ ಬಾಗಿಲಿಂದ ಬಂದಳು; ಕೆಮ್ಮಣ್ಣು ಬಳಿದ ಜಗಲಿಯನ್ನು ಅವಳು ತುಳಿಯಬಾರದು ಎಂದಾಗಿತ್ತು. ಆ ಜಗಲಿಗೆ ಬಳಿದವಳು ಅವಳೇ. ಹೋಗುವ ಮೊದಲು ಬಚ್ಚಲ ಹಿಂದೆ ಹೋಗಿ ಕಪ್ಪು ಹೇಂಟೆಗೆ ಒಂದು ಹಿಡಿ ನುಚ್ಚು ಹಾಕಿದಳು. ನನ್ನ ತಲೆ ಮೇಲೆ ಕೈಯಾಡಿಸಿ, ಹೇಳುವುದು ಏನಾದರೂ ಇದೆಯೇನೆ ಎಂದು ಕೇಳಿದಳು. ಬೇಗ ಬಾ ಎಂದೆ. ಗಾಡಿ ಹೊರಟಿತು. ಹಿಂದಿನ ತಟ್ಟಿಯ ಸಂದಿಯಿಂದ ಅವಳು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಳು. ನಾನು ಬೇಲಿ ಬಾಯಿಯ ಉಣಗೋಲಿನ ಹತ್ತಿರ ನಿಂತು, ಕಾಣುವಷ್ಟು ದೂರವೂ ಕೈ ಬೀಸಿದೆ.

ನೆಂಟರು ಬಂದರು. ಕೋಳಿ ಕೊಯ್ದರು. ಈ ಸಲ ಹಂದಿ ಸಿಗಲಿಲ್ಲ ಎಂದು ಅಜ್ಜಿ ಕಣ್ಣು ಮಿಟುಕಿಸದೆ ಹೇಳಿದಳು. ಸಂಬಂಧ ಕುದುರಿತು. ಅವತ್ತೇ ಮಧ್ಯಾಹ್ನ ಕಪ್ಪು ಹೇಂಟೆಯ ಮರಿಗಳು ಒಡೆದವು, ಹನ್ನೆರಡು. ಹದಿಮೂರನೆಯದು ಹಾಗೇ ಉಳಿಯಿತು. ಅಮ್ಮ ಅದನ್ನು ಎತ್ತಿ, ಇದೇನಿದು ಹಳದಿ ಎಂದು ಬೆಳಕಿಗೆ ಹಿಡಿದು ನೋಡಿ, ಗೊಬ್ಬರಗುಂಡಿಗೆ ಎಸೆದಳು. ನಾನು ಪಕ್ಕದಲ್ಲೇ ಇದ್ದೆ. ಆಗಲೂ ಹೇಳಬಹುದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ಚಿಕ್ಕಮ್ಮ ಹೇಗಿದ್ದರೂ ಬರುತ್ತಾಳೆ, ಅವಳು ಬಂದಮೇಲೆ ಅವಳಿಗೇ ಮೊದಲು ಹೇಳುತ್ತೇನೆ ಎಂದುಕೊಂಡೆ.

ಸುಮಾರು ಹತ್ತು ದಿನ ಕಳೆದು ಶೃಂಗೇರಿ ಕಡೆಯಿಂದ ಬಂದವರೊಬ್ಬರು ಜಗಲಿಯಲ್ಲಿ ಸುದ್ದಿ ಹೇಳಿದರು. ನಿಮ್ಮ ಸೊಸೆ ಸಿರಿಮನೆಯಲ್ಲಿ ಹೊರಗೆ ಕೂತಿದ್ದಾಳಂತೆ, ಮೈಯಲ್ಲಿ ಆರಾಮಿಲ್ಲವಂತೆ, ಎದ್ದು ಓಡಾಡುವುದಿಲ್ಲವಂತೆ. ಅಜ್ಜಿ ಒಳಗಿನಿಂದ ಕೇಳಿಸಿಕೊಂಡಳು. ಹೊರಗೆ ಕೂತಿದ್ದಾಳೆ ಎಂದರೆ ಬಸುರಿಯಲ್ಲ. ಬಸುರಿಯಲ್ಲವೆಂದರೆ ಭರಣಿ ಮುಟ್ಟಿ ಸುಳ್ಳು ಆಣೆ ಮಾಡಿದಳು. ಅಲ್ಲಿಗೆ ಮುಗಿಯಿತು. ಅಮ್ಮ ಒಬ್ಬಳೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಕಲ್ಲುದಾರಿಯ ಗಾಡಿ, ಆ ಕಾಡಿನ ನಡಿಗೆ, ಆಮೇಲಿನ ರಕ್ತ ಏನು ಎಂದು ಅವಳಿಗೆ ತಿಳಿದಿತ್ತು. ನನಗೆ ತಿಳಿದದ್ದು ನಾನೇ ತಾಯಾಗುವ ವಯಸ್ಸಿಗೆ ಬಂದಮೇಲೆ. ಚಿಕ್ಕಪ್ಪನಿಗೆ ಮುಂದಿನ ವರ್ಷ ಇನ್ನೊಂದು ಮದುವೆ ಮಾಡಿದರು. ಹಂದಿ ಭರಣಿಯನ್ನು ಅಜ್ಜಿ ಒಡೆಸಿದಳು. ಮತ್ತೆಂದೂ ಅವಳು ಮಾಂಸ ಉಪ್ಪಿಗೆ ಹಾಕಲಿಲ್ಲ. ಸಾಯುವವರೆಗೂ ತಪ್ಪು ತನ್ನ ಕೈಯದಲ್ಲ ಎಂದೇ ನಂಬಿದ್ದಳು. ಅದು ನಿಜವೂ ಹೌದು.

ನಾನು ಸಿರಿಮನೆಗೆ ಹೋಗಲು ಧೈರ್ಯ ಮಾಡಿದ್ದು ನನಗೆ ಎರಡು ಮಕ್ಕಳಾದ ಮೇಲೆ. ಚಿಕ್ಕಮ್ಮ ಅಣ್ಣನ ಮನೆಯಲ್ಲೇ ಉಳಿದಿದ್ದಳು. ಮುಂದಲೆ ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. ಓಹೋ, ಭರಣಿ ಪಟೇಲರು ಬಂದರು ಎಂದಳು. ನಾನು ಬರುತ್ತೇನೆಂದು ಗೊತ್ತಾಗಿ ಅವಳ ಅಣ್ಣ ಎಲ್ಲಿಂದಲೋ ಹಂದಿ ತರಿಸಿದ್ದ. ಬೇಡ ಎನ್ನಲು ಬಾಯಿ ಬರಲಿಲ್ಲ. ಮೂರು ದಿನ ಇದ್ದು ಹೋಗು, ಉಪ್ಪಿಗೆ ಹಾಕುತ್ತೇನೆ ಎಂದಳು. ನೀರು ಆರಿಸಿದಳು, ಅರಿಶಿನ ಕದಡಿದಳು, ಎಲ್ಲ ಅಜ್ಜಿಯದೇ ಕ್ರಮ. ಬಾಗಿಲಲ್ಲಿ ನಿಂತು ನೋಡಿ ನೋಡಿಯೇ ಕಲಿತಿದ್ದಳು ಎಂದು ಕಾಣುತ್ತದೆ. ಆಮೇಲೆ ನನ್ನನ್ನು ಕೋಳಿಗೂಡಿಗೆ ಕಳಿಸಿದಳು. ನಾನು ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ತಂದೆ.

ಚಿಕ್ಕಮ್ಮ ಅದನ್ನು ಉಪ್ಪುನೀರಿಗೆ ಬಿಡಲಿಲ್ಲ. ಪಕ್ಕದಲ್ಲಿ ಒಂದು ತಂಬಿಗೆ ಬರಿ ನೀರು ಇಟ್ಟುಕೊಂಡಿದ್ದಳು. ಮೊದಲು ಅದಕ್ಕೆ ಬಿಟ್ಟಳು. ಮೊಟ್ಟೆ ತಳಕ್ಕೆ ಹೋಗಿ ಅಡ್ಡ ಮಲಗಿತು. ಅದನ್ನು ನೋಡುತ್ತಲೇ ಕೇಳಿದಳು.

"ಆ ಅರಿಶಿನದ ಮೊಟ್ಟೆ ಮರಿ ಆತೇನೆ?"

ಇಲ್ಲ ಎಂದೆ.

"ಯಾವಾಗ ಗೊತ್ತಾತು ಚಿಕ್ಕಮ್ಮ?"

"ಭರಣಿ ಕಟ್ಟಿದ ಮಾರನೇ ಬೆಳಿಗ್ಗೆ. ನುಚ್ಚು ಹಾಕಕ್ಕೆ ಹೋದ್ರೆ ಬುಟ್ಟೀಲಿ ಒಂದು ಹಳದಿ ಮೊಟ್ಟೆ. ನಿನ್ನ ಹೆಬ್ಬೆಟ್ಟಲ್ಲಿ ಕುಕ್ಕಿದ ಗಾಯ. ಉಪ್ಪು ಸಾಕಾಗಿರಬೋದು, ಎರಡು ದಿನ ತಡೀಬೋದು ಅಂತ ಸುಮ್ನಾದೆ."

"ಮತ್ತೆ ಅಜ್ಜಿ ಕೇಳ್ದಾಗ ಎಂತಕ್ಕೆ ಹೇಳ್ಲಿಲ್ಲ? ಒಂದು ಮಾತು ಸಾಕಿತ್ತು."

ಅವಳು ಮೊಟ್ಟೆಯನ್ನು ನೀರಿನಿಂದ ತೆಗೆದು ಸೆರಗಿನಲ್ಲಿ ಒರೆಸಿದಳು.

"ನನ್ನ ಮಾತು ಯಾರು ನಂಬ್ತಿದ್ರು? ಮಗು ಮೇಲೆ ಹಾಕ್ತಾಳೆ ಅಂತಿದ್ರು. ಹೇಳಿದ್ರೆ ನೀನೇ ಹೇಳ್ಬೇಕಿತ್ತು. ಹೇಳ್ತೀಯ ಅಂತ ಕಾದೆ ಕಣೆ. ಗಾಡೀಲಿ ಕೂತ ಮೇಲೂ ತಿರುಗಿ ತಿರುಗಿ ನೋಡ್ತಿದ್ದೆ. ಒಂದ್ಸಲ ನೀನು ಕೈ ಎತ್ತಿದೆ. ಗಾಡಿ ನಿಲ್ಸು ತಿಮ್ಮ, ಕೂಸು ಕರೀತದೆ ಅಂದೆ. ಅವ ನಿಲ್ಸಿದ. ನೋಡಿದ್ರೆ ನೀನು ಹೋಗಿ ಬಾ ಅಂತ ಕೈ ಬೀಸ್ತಿದ್ದೆ."